ನುಡಿಸಲು ಬಾರದವನು ಕಟ್ಟಿದ ಆರ್ಗನ್

ಗಣೇಶನ ಪೆಂಡಾಲಿನಲ್ಲೋ ಕಾಲೇಜ್ ಡೇಯಲ್ಲೋ ಆರ್ಕೆಸ್ಟ್ರಾ ನಡೆಯುವಾಗ ಎಲ್ಲರ ಕಣ್ಣೂ ಗಾಯಕರ ಮೇಲೆ. ಕೀಬೋರ್ಡ್ ನುಡಿಸುವವನನ್ನು ನೋಡುವವರು ಕಡಿಮೆ. ಅವನ ಕಾಲನ್ನು ನೋಡುವವರಂತೂ ಇಲ್ಲವೇ ಇಲ್ಲ. ಮುಂದಿನ ಸಲ ಒಮ್ಮೆ ನೋಡಿ. ಪಲ್ಲವಿಗೆ ಪಿಯಾನೊ, ಅದು ಮುಗಿಯುತ್ತಿದ್ದಂತೆ ಪಿಟೀಲುಗಳ ಗುಂಪು, ಚರಣಕ್ಕೆ ಮುನ್ನ ಕೊಳಲು. ಎರಡು ಕೈಯೂ ಮನೆಗಳ ಮೇಲೇ ಇವೆ. ಗುಂಡಿ ಒತ್ತಲು ಮೂರನೇ ಕೈ ಇಲ್ಲ. ಹಾಗಾದರೆ ಧ್ವನಿ ಬದಲಿಸುತ್ತಿರುವುದು ಯಾರು? ಪಾದದ ಕೆಳಗಿರುವ ಒಂದು ಪುಟ್ಟ ಫುಟ್ ಸ್ವಿಚ್!

ಈ ಸ್ವಿಚ್‌ಗೆ ಸಂಗೀತದ ಗಂಧಗಾಳಿ ಇಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಸಂಗತಿ: ಸರ್ಕ್ಯೂಟ್ ಕೂಡಿತು, ಸರ್ಕ್ಯೂಟ್ ಬಿಟ್ಟಿತು. ಕೀಬೋರ್ಡ್ ಅದನ್ನು ಮಿಡಿ ಸಂದೇಶವಾಗಿಸಿ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಒತ್ತಿದರೆ 127, ಬಿಟ್ಟರೆ 0. ಮೇನ್‌ಸ್ಟೇಜ್, ಗಿಗ್ ಪರ್ಫಾರ್ಮರ್, ಕ್ಯಾಂಟಾಬಿಲೆಯಂಥ ಸಾಫ್ಟ್‌ವೇರ್‌ಗಳಲ್ಲಿ 127 ಬಂದ ಕೂಡಲೇ ಮುಂದಿನ ಪ್ಯಾಚ್‌ಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿಡಬಹುದು. ಹಾಡು ಸಾಗುವ ಕ್ರಮದಲ್ಲೇ ಧ್ವನಿಗಳನ್ನು ಜೋಡಿಸಿಟ್ಟರೆ ಕಾಲಿಗೆ ಉಳಿಯುವುದು ಒಂದೇ ಕೆಲಸ, ಸರಿಯಾದ ತಾಳದಲ್ಲಿ ಒತ್ತುವುದು. ಆಗಲೇ ಹಿಡಿದಿರುವ ಸ್ವರ ಬೆರಳೆತ್ತುವವರೆಗೆ ಹಳೆಯ ಧ್ವನಿಯಲ್ಲೇ ಉಳಿದು, ಹೊಸದಾಗಿ ಒತ್ತಿದ ಸ್ವರ ಮಾತ್ರ ಹೊಸ ಧ್ವನಿಯಲ್ಲಿ ಬರುವಂತೆಯೂ ಮಾಡಬಹುದು. ಹಾಗಾಗಿ ಕೇಳುಗರಿಗೆ ನಡುವಿನ ಬೆಸುಗೆ ಗೊತ್ತೇ ಆಗುವುದಿಲ್ಲ.

ಕೈಗೆ ಬಿಡುವಿಲ್ಲದಾಗ ಕಾಲಿಗೆ ಕೆಲಸ ಹಚ್ಚುವುದು ನಮಗೆ ಹೊಸದೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ರಂಗದ ಮುಂದೆ ಕಾಲು ಹಾರ್ಮೋನಿಯಂ ಇರುತ್ತಿತ್ತು. ಪಾದದಿಂದ ತಿದಿ ಒತ್ತುತ್ತಾ ಎರಡೂ ಕೈಯಿಂದ ನುಡಿಸುತ್ತಿದ್ದರು. ಆ ಪೆಟ್ಟಿಗೆಯಿಂದ ಇಂದಿನ ಲ್ಯಾಪ್‌ಟಾಪ್‌ವರೆಗಿನ ದಾರಿಯ ನಡುವೆ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ನಿಂತಿದ್ದಾನೆ. ಕೀಬೋರ್ಡ್ ನುಡಿಸುವವರಿಗೆಲ್ಲ ಅವನ ಹೆಸರು ಗೊತ್ತು, ಬದುಕು ಗೊತ್ತಿರುವುದು ಕಡಿಮೆ. ಅವನೇ ಲಾರೆನ್ಸ್ ಹ್ಯಾಮಂಡ್. ವಿಶೇಷವೆಂದರೆ, ಹ್ಯಾಮಂಡ್ ಆರ್ಗನ್ ಕಂಡುಹಿಡಿದ ಈ ಮನುಷ್ಯನಿಗೆ ಆರ್ಗನ್ ನುಡಿಸಲು ಬರುತ್ತಿರಲಿಲ್ಲ.

ಹ್ಯಾಮಂಡ್ ಹುಟ್ಟಿದ್ದು 1895ರ ಜನವರಿ 11ರಂದು, ಅಮೆರಿಕದ ಶಿಕಾಗೊ ಪಕ್ಕದ ಇವಾನ್‌ಸ್ಟನ್‌ನಲ್ಲಿ. ತಂದೆ ಬ್ಯಾಂಕರ್. ಮಗು ಇನ್ನೂ ಎರಡರ ಆಸುಪಾಸಿನಲ್ಲಿದ್ದಾಗಲೇ ಅವರು ತೀರಿಕೊಂಡರು. ಚಿತ್ರಕಲೆಯಲ್ಲಿ ತೊಡಗಿದ್ದ ತಾಯಿ ಮಕ್ಕಳನ್ನು ಕಟ್ಟಿಕೊಂಡು ಯುರೋಪಿಗೆ ಹೋದರು. ಹುಡುಗ ಫ್ರೆಂಚ್, ಜರ್ಮನ್ ಕಲಿತ. ಹದಿನಾಲ್ಕರ ವಯಸ್ಸಿಗೇ ಕಾರಿನ ಗೇರ್ ತಾನಾಗಿ ಬದಲಾಗುವ ವ್ಯವಸ್ಥೆಯ ನಕ್ಷೆ ಬರೆದ. ತಾಯಿಯ ಒತ್ತಾಸೆಯಿಂದ ಅದನ್ನು ರೆನೋ ಕಂಪನಿಯ ಎಂಜಿನಿಯರ್‌ಗಳ ಮುಂದೆ ಇಟ್ಟ. ಅವರು ಒಪ್ಪಲಿಲ್ಲ. ಅದು ಮೊದಲ ತಿರಸ್ಕಾರ, ಕೊನೆಯದಲ್ಲ.

1909ರಲ್ಲಿ ಕುಟುಂಬ ಅಮೆರಿಕಕ್ಕೆ ಮರಳಿತು. 1916ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸೇನಾ ಸೇವೆ. ಬಂದ ಮೇಲೆ ಡೆಟ್ರಾಯಿಟ್‌ನ ಎಂಜಿನ್ ತಯಾರಿಸುವ ಕಂಪನಿಯೊಂದರಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ. ಬೇರೆಯವರಾಗಿದ್ದರೆ ಸೆಟ್ಲ್ ಆದೆ ಎನ್ನುತ್ತಿದ್ದರು. ಹ್ಯಾಮಂಡ್ ಸಂಜೆ ಹೊತ್ತು ಸದ್ದಿಲ್ಲದೆ ನಡೆಯುವ ಸ್ಪ್ರಿಂಗ್ ಗಡಿಯಾರವೊಂದನ್ನು ರೂಪಿಸಿದ. ಅದರಿಂದ ಬಂದ ಹಣದಲ್ಲಿ ಕೆಲಸ ಬಿಟ್ಟು ನ್ಯೂಯಾರ್ಕ್‌ನಲ್ಲಿ ಸ್ವಂತ ಪ್ರಯೋಗಶಾಲೆ ತೆರೆದ.

1922ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆಲ್ವಿನ್ ಥಿಯೇಟರ್‌ನಲ್ಲಿ ಅವನ ಟೆಲಿವ್ಯೂ ಪ್ರದರ್ಶನವಾಯಿತು. ಅದು ತ್ರೀಡಿ ಸಿನಿಮಾ! ಪ್ರತಿ ಸೀಟಿಗೂ ಮೋಟಾರ್ ಶಟರ್ ಇರುವ ಒಂದೊಂದು ವೀಕ್ಷಕ ಯಂತ್ರ. ಎಡಗಣ್ಣಿನ ಚಿತ್ರ ಬಂದಾಗ ಬಲಗಣ್ಣು ಮುಚ್ಚುತ್ತದೆ, ಬಲಗಣ್ಣಿನದು ಬಂದಾಗ ಎಡಗಣ್ಣು. ಕಲ್ಪನೆ ಚೆನ್ನಾಗಿತ್ತು, ವ್ಯಾಪಾರ ನಡೆಯಲಿಲ್ಲ. ಪ್ರತಿ ಸೀಟಿಗೂ ಯಂತ್ರ ಜೋಡಿಸುವ ಖರ್ಚನ್ನು ಯಾವ ಥಿಯೇಟರ್ ಹೊತ್ತೀತು? ಆದರೆ ಆ ಶಟರ್‌ಗಳನ್ನು ಪ್ರೊಜೆಕ್ಟರ್ ಜೊತೆ ಒಂದೇ ಲಯದಲ್ಲಿ ಓಡಿಸಿದ ಸಿಂಕ್ರೊನಸ್ ಮೋಟಾರ್ ಅವನ ಕೈ ಬಿಡಲಿಲ್ಲ. ವಿದ್ಯುತ್ತಿನ ಫ್ರೀಕ್ವೆನ್ಸಿ ಬದಲಾಗದಿದ್ದರೆ ಈ ಮೋಟಾರಿನ ವೇಗವೂ ಬದಲಾಗುವುದಿಲ್ಲ. ಗಡಿಯಾರಕ್ಕೆ ಇದಕ್ಕಿಂತ ಬೇಕೇನು? 1928ರಲ್ಲಿ ಹ್ಯಾಮಂಡ್ ಕ್ಲಾಕ್ ಕಂಪನಿ ಶಿಕಾಗೊದಲ್ಲಿ ಹುಟ್ಟಿತು.

ಮರುವರ್ಷವೇ ಮಹಾ ಆರ್ಥಿಕ ಕುಸಿತ. ಜೊತೆಗೆ ಎಲ್ಲರೂ ವಿದ್ಯುತ್ ಗಡಿಯಾರ ಮಾಡತೊಡಗಿ ಬೆಲೆ ಪಾತಾಳಕ್ಕೆ ಇಳಿಯಿತು. ಕಾರ್ಖಾನೆ ನಿಂತರೆ ಊರಿಗೆ ಏನಾಗುತ್ತದೆ ಎಂದು ನಮ್ಮ ಮಲವಗೊಪ್ಪದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ಸಕ್ಕರೆ ಕಾರ್ಖಾನೆ, ಪಕ್ಕದ ಭದ್ರಾವತಿಯ ಕಾಗದ ಕಾರ್ಖಾನೆ ಎರಡೂ ಮೌನವಾಗಿರುವುದನ್ನು ನೋಡುತ್ತಲೇ ನಾವು ಪದವಿ ಓದುತ್ತಿದ್ದೇವೆ. ಹ್ಯಾಮಂಡ್ ಎದುರಿಗೂ ಅದೇ ಪ್ರಶ್ನೆ ಇತ್ತು: ಯಂತ್ರಗಳಿವೆ, ಕೆಲಸಗಾರರಿದ್ದಾರೆ, ಏನು ತಯಾರಿಸುವುದು? ಇಸ್ಪೀಟೆಲೆಯನ್ನು ತಾನೇ ಕಲೆಸಿ ನಾಲ್ವರಿಗೂ ಹಂಚುವ ಮೇಜೊಂದನ್ನು ಮಾಡಿದ. 1932ರಲ್ಲಿ ಅದು ಸಾವಿರಗಟ್ಟಲೆ ಮಾರಾಟವಾಗಿ ಸ್ವಲ್ಪ ಉಸಿರು ಬಂತು. ಆದರೆ ಅಂಥ ಶೋಕಿ ವಸ್ತು ಎಷ್ಟು ದಿನ ನಡೆದೀತು?

ಆಗ ಅವನ ಗಮನ ಹೋದದ್ದು ಸದ್ದಿನ ಕಡೆಗೆ. 1933ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಯಾನೊ ಕೊಂಡು, ಮನೆಗಳನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲವನ್ನೂ ಕಿತ್ತುಹಾಕಿದ. ಒಳಗೆ ತಂದದ್ದು ಉಕ್ಕಿನ ಪುಟ್ಟ ಚಕ್ರಗಳನ್ನು. ಚಕ್ರದ ಅಂಚಿನಲ್ಲಿ ಉಬ್ಬು ತಗ್ಗು. ಪಕ್ಕದಲ್ಲಿ ಅಯಸ್ಕಾಂತದ ಕಡ್ಡಿ, ಅದಕ್ಕೆ ಸುತ್ತಿದ ತಂತಿ. ಚಕ್ರ ತಿರುಗಿದಾಗ ಉಬ್ಬುಗಳು ಅಯಸ್ಕಾಂತದ ಹತ್ತಿರ ಬಂದು ಹೋಗುತ್ತವೆ, ತಂತಿಯಲ್ಲಿ ಸಣ್ಣ ಎಸಿ ಹುಟ್ಟುತ್ತದೆ. ಸೆಕೆಂಡಿಗೆ 440 ಉಬ್ಬು ಹಾದುಹೋದರೆ 440 ಹರ್ಟ್ಸ್. ಇಷ್ಟೆಲ್ಲ ಚಕ್ರಗಳನ್ನು ತಿರುಗಿಸಲು ಅದೇ ಗಡಿಯಾರದ ತತ್ವದ ಸಿಂಕ್ರೊನಸ್ ಮೋಟಾರ್. ಸೋತ ಸಿನಿಮಾ ಯಂತ್ರದಿಂದ ಗಡಿಯಾರಕ್ಕೆ, ಗಡಿಯಾರದಿಂದ ಸಂಗೀತಕ್ಕೆ ಬಂದ ಜ್ಞಾನ ಅದು.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ಆ ಮೋಟಾರ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಅದನ್ನು ಹಾಗೆಯೇ ತಂದು ನಮ್ಮ 50 ಹರ್ಟ್ಸ್‌ಗೆ ಸೇರಿಸಿದರೆ 1000 ಸುತ್ತು. ಇಡೀ ವಾದ್ಯದ ಶ್ರುತಿ ಮೂರು ಮನೆಗೂ ಸ್ವಲ್ಪ ಹೆಚ್ಚೇ ಕೆಳಗಿಳಿಯುತ್ತದೆ! ಅದಕ್ಕೇ 50 ಹರ್ಟ್ಸ್ ದೇಶಗಳಿಗೆ ಬೇರೆ ಜೋಡಣೆಯ ಆರ್ಗನ್‌ಗಳೇ ಬೇಕಾದವು.

ಚಕ್ರ ತಿರುಗಿತು, ಸದ್ದು ಬಂತು. ಆದರೆ ಅದು ಕಿವಿಗೆ ಹಿತವೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಹ್ಯಾಮಂಡ್ ಇಲ್ಲಿ ತನ್ನ ಡಿಗ್ರಿಯನ್ನು ಪಕ್ಕಕ್ಕಿಟ್ಟ. ಕಂಪನಿಯ ಸಹಾಯಕ ಖಜಾಂಚಿ ಡಬ್ಲ್ಯು. ಎಲ್. ಲೇಹಿ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ. ಲೆಕ್ಕ ಬರೆಯುವ ಆ ಮನುಷ್ಯನನ್ನು ಕರೆಸಿ ನುಡಿಸಲು ಹೇಳಿ, ಅವನ ಅಭಿಪ್ರಾಯದಂತೆ ಸದ್ದನ್ನು ತಿದ್ದಿದ. ನುಡಿಸಲು ಬಾರದ ಎಂಜಿನಿಯರ್‌ಗೆ ನುಡಿಸಬಲ್ಲವನ ಕಿವಿಯೇ ಅಳತೆಗೋಲಾಯಿತು. 1934ರ ಜನವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, ಏಪ್ರಿಲ್ 24ಕ್ಕೇ ಪೇಟೆಂಟ್ ಸಿಕ್ಕಿತು. 1935ರ ಏಪ್ರಿಲ್‌ನಲ್ಲಿ ಆರ್ಗನ್ ಜನರ ಮುಂದೆ ಬಂತು. ಕಾರು ತಯಾರಕ ಹೆನ್ರಿ ಫೋರ್ಡ್, ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಮೊದಲ ಗ್ರಾಹಕರ ಸಾಲಿನಲ್ಲಿದ್ದರು. ದುಬಾರಿ ಪೈಪ್ ಆರ್ಗನ್ ಕೊಳ್ಳಲಾಗದ ಸಾವಿರಾರು ಚರ್ಚ್‌ಗಳು ಇದನ್ನು ಕೊಂಡವು. ಕಾರ್ಖಾನೆ ಉಳಿಯಿತು.

ಧ್ವನಿ ಬದಲಿಸುವ ಪ್ರಶ್ನೆಗೆ ಹ್ಯಾಮಂಡ್ ಕೊಟ್ಟ ಉತ್ತರ ಇಂದಿನ ಸಾಫ್ಟ್‌ವೇರ್‌ಗೂ ಹತ್ತಿರದ್ದು. ಪ್ರತಿ ಗುಂಪಿನಲ್ಲಿ ಒಂಬತ್ತು ಎಳೆಪಟ್ಟಿಗಳು. ಒಂದೊಂದನ್ನೂ 0ಯಿಂದ 8ರವರೆಗೆ ಎಳೆದು ಬೇರೆ ಬೇರೆ ಹಾರ್ಮೋನಿಕ್‌ಗಳನ್ನು ಅಡುಗೆಗೆ ಉಪ್ಪು ಹುಳಿ ಬೆರೆಸಿದಂತೆ ಬೆರೆಸಬಹುದು. ನುಡಿಸುವ ನಡುವೆ ಒಂಬತ್ತನ್ನೂ ಎಳೆಯುತ್ತ ಕೂರಲಾಗದಲ್ಲ, ಅದಕ್ಕೆ ಎಡತುದಿಯಲ್ಲಿ ಕಪ್ಪು ಬಿಳುಪು ಅದಲುಬದಲಾದ 12 ಮನೆಗಳು. ಒಂದನ್ನು ಒತ್ತಿದರೆ ಮೊದಲೇ ಸಿದ್ಧವಾದ ಧ್ವನಿ ಹಾಜರು. ಇಂದಿನ ಪ್ಯಾಚ್ ಪಟ್ಟಿಯ ಹಿರಿಯಣ್ಣ ಇದೇ. ಕಾಲಿಗೂ ಕೆಲಸವಿತ್ತು. ದೊಡ್ಡ ಮಾದರಿಗಳಲ್ಲಿ ಮಂದ್ರ ಸ್ವರಗಳಿಗೆ 25 ಪೆಡಲ್‌ಗಳು, ಸದ್ದು ಏರಿಳಿಸಲು ಬಲಗಾಲಿಗೆ ಇನ್ನೊಂದು.

ಯಶಸ್ಸಿನ ಜೊತೆ ತಕರಾರೂ ಬಂತು. ಪೈಪ್ ಆರ್ಗನ್‌ಗೆ ಸಮ ಎಂಬ ಜಾಹೀರಾತನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪ್ರಶ್ನಿಸಿತು. ಶಿಕಾಗೊ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಎರಡೂ ವಾದ್ಯಗಳನ್ನು ಕಣ್ಣಿಗೆ ಕಾಣದಂತೆ ನುಡಿಸಿ ಪರೀಕ್ಷೆ ಮಾಡಿದರು. ಪಳಗಿದ ಸಂಗೀತಗಾರರೂ ಹಲವು ಸಲ ಯಾವುದು ಯಾವುದೆಂದು ತಪ್ಪಿ ಹೇಳಿದರು. ಆದರೂ 1938ರಲ್ಲಿ ಕಮಿಷನ್ ಕೆಲವು ಉತ್ಪ್ರೇಕ್ಷೆಗಳನ್ನು ಜಾಹೀರಾತಿನಿಂದ ಕೈಬಿಡಲು ಆದೇಶಿಸಿತು. ಇದರ ನಡುವೆಯೂ ಹ್ಯಾಮಂಡ್ ಕೈ ಕಟ್ಟಿ ಕೂರಲಿಲ್ಲ. 1939ರಲ್ಲಿ 163 ವ್ಯಾಕ್ಯೂಮ್ ಟ್ಯೂಬ್‌ಗಳ ನೋವಾಕಾರ್ಡ್ ತಂದ. ಇಂದಿನ ಸಿಂಥಸೈಜರ್‌ನ ಪೂರ್ವಜ ಎಂದು ಅದನ್ನು ಗುರುತಿಸುತ್ತಾರೆ.

ಇನ್ನು ಕಥೆಯ ತಿರುವು. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಲೆಸ್ಲಿ ಎಂಬಾತ ಒಂದು ಹ್ಯಾಮಂಡ್ ಆರ್ಗನ್ ಕೊಂಡ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಸೊಗಸಾಗಿ ಕೇಳಿದ್ದು ಮನೆಯಲ್ಲಿ ಸಪ್ಪೆ ಎನ್ನಿಸಿತು. ಮರದ ಪೆಟ್ಟಿಗೆಯೊಳಗೆ ಸ್ಪೀಕರಿನ ಸದ್ದು ಸುತ್ತುತ್ತಾ ಹೊರಬರುವಂತೆ ಅವನು ಮಾಡಿದ. ಭದ್ರಾವತಿ–ಶಿವಮೊಗ್ಗ ರೈಲು ಶಿಳ್ಳೆ ಹಾಕುತ್ತಾ ಹಾದುಹೋಗುವಾಗ ಸ್ವರ ಬಾಗುವುದನ್ನು ಕೇಳಿದ್ದೀರಲ್ಲ? ಅದೇ ಡಾಪ್ಲರ್ ಪರಿಣಾಮ. ಸಪ್ಪೆ ಆರ್ಗನ್‌ಗೆ ಜೀವ ಬಂತು. ಲೆಸ್ಲಿ ಅದನ್ನು ಹ್ಯಾಮಂಡ್ ಕಂಪನಿಗೆ ತೋರಿಸಿದ. ಅವರಿಗೆ ಬೇಕಿರಲಿಲ್ಲ. ತನ್ನ ಆರ್ಗನ್ ತನ್ನ ಸ್ಪೀಕರಿನಲ್ಲೇ ಸರಿಯಾಗಿದೆ ಎಂಬುದು ಹ್ಯಾಮಂಡ್‌ನ ನಿಲುವು. ಲೆಸ್ಲಿ 1941ರಲ್ಲಿ ತಾನೇ ಮಾರಲು ಶುರುಮಾಡಿದ. ಹ್ಯಾಮಂಡ್ ಕಂಪನಿ ತನ್ನ ಡೀಲರ್‌ಗಳು ಆ ಪೆಟ್ಟಿಗೆ ಮಾರದಂತೆ ತಡೆಯಿತು.

ನುಡಿಸುವವರು ಕೇಳಬೇಕಲ್ಲ! ಜಾಝ್, ಚರ್ಚ್, ರಾಕ್ ಎಲ್ಲ ಕಡೆ ಹ್ಯಾಮಂಡ್ ಜೊತೆ ಲೆಸ್ಲಿ ಎಂಬುದೇ ರೂಢಿಯಾಯಿತು. ಮುಂದೆ ಲೆಸ್ಲಿಗೆ ನಿಧಾನ, ವೇಗ ಎಂದು ಎರಡು ಗತಿ ಬಂದವು. ಹಾಡು ಏರುವ ಜಾಗದಲ್ಲಿ ನಿಧಾನದಿಂದ ವೇಗಕ್ಕೆ ಹೋಗಬೇಕು, ಎರಡೂ ಕೈ ಮನೆಗಳ ಮೇಲಿವೆ. ಅನೇಕರು ಕಂಡುಕೊಂಡ ದಾರಿ ಯಾವುದು? ಕಾಲಡಿಯ ಒಂದು ಸ್ವಿಚ್.

ಹ್ಯಾಮಂಡ್ 1955ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ, 1960ರಲ್ಲಿ ನಿವೃತ್ತನಾದ, 1973ರ ಜುಲೈನಲ್ಲಿ ಕನೆಕ್ಟಿಕಟ್‌ನ ಕಾರ್ನ್‌ವಾಲ್‌ನಲ್ಲಿ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಚಕ್ರದ ಆರ್ಗನ್‌ಗಳ ತಯಾರಿಕೆಯೂ ನಿಂತಿತು. 1980ರಲ್ಲಿ ಹ್ಯಾಮಂಡ್ ಕಂಪನಿ ಲೆಸ್ಲಿ ಹೆಸರನ್ನೇ ಕೊಂಡುಕೊಂಡಿತು. ಸ್ಥಾಪಕ ಬೇಡವೆಂದದ್ದನ್ನು ಕಂಪನಿ ದುಡ್ಡು ಕೊಟ್ಟು ಮನೆಗೆ ಕರೆತಂದಿತು.

ಒಬ್ಬನೇ ಮನುಷ್ಯ ಒಮ್ಮೆ ಲೇಹಿಯ ಕಿವಿಯನ್ನು ನಂಬಿ ಕಾರ್ಖಾನೆ ಉಳಿಸಿಕೊಂಡ, ಇನ್ನೊಮ್ಮೆ ಲೆಸ್ಲಿಯ ಕಿವಿಯನ್ನು ನಂಬದೆ ತನ್ನ ವಾದ್ಯದ ಅರ್ಧ ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಎರಡೂ ಸಲ ಅವನ ಗಣಿತ ಸರಿಯಾಗಿಯೇ ಇತ್ತು. ಪ್ರಾಜೆಕ್ಟ್ ಮಾಡುವ, ಕೆಲಸ ಹುಡುಕುವ, ನಾಳೆ ಸ್ವಂತ ಉದ್ಯಮ ಕಟ್ಟುವ ನಾವು ಗಮನಿಸಬೇಕಾದ್ದು ಇದನ್ನೇ. ಸರ್ಕ್ಯೂಟ್ ಸರಿಯಾಗಿದೆಯೇ ಎಂದು ಮಲ್ಟಿಮೀಟರ್ ಹೇಳುತ್ತದೆ. ಅದು ಕೆಲಸಕ್ಕೆ ಬರುತ್ತದೆಯೇ ಎಂದು ಹೇಳುವುದು ಬಳಸುವವನು ಮಾತ್ರ. ಅವನು ಲೆಕ್ಕ ಬರೆಯುವವನಿರಬಹುದು, ಪೆಂಡಾಲಿನಲ್ಲಿ ಕೀಬೋರ್ಡ್ ನುಡಿಸುವವನಿರಬಹುದು. ಅವನು ಬಾಯಿಬಿಟ್ಟು ಹೇಳದಿದ್ದರೆ ಅವನ ಕಾಲನ್ನಾದರೂ ನೋಡಬೇಕು.

ಇವತ್ತು ಲೈವ್ ಸಾಫ್ಟ್‌ವೇರ್‌ನಲ್ಲಿ ಹಳೆಯ ಆರ್ಗನ್ ಧ್ವನಿ ತೆರೆದರೆ ತೆರೆಯ ಮೇಲೆ ಒಂಬತ್ತು ಎಳೆಪಟ್ಟಿಗಳು ಕಾಣುತ್ತವೆ, ಸಾಮಾನ್ಯವಾಗಿ ಪಕ್ಕದಲ್ಲೇ ಸುತ್ತುವ ಸ್ಪೀಕರಿನ ಎರಡು ಗತಿಗಳೂ ಇರುತ್ತವೆ. ಎಳೆಪಟ್ಟಿ ಹ್ಯಾಮಂಡ್‌ನದು, ಗತಿ ಲೆಸ್ಲಿಯದು. ಬದುಕಿದ್ದಾಗ ಒಂದಾಗದ ಇಬ್ಬರನ್ನು ಕೂಡಿಸುವ ಕೆಲಸ ಈಗ ಕಾಲಡಿಯ ಆ ಸ್ವಿಚ್‌ನದು.