ಗುಡುಗಿನ ದೇವರಾದ ಸೇನಾನಿ



ಚೀನಾದಲ್ಲಿ ಗುಡುಗಿನ ದೇವರೆಂದು ಪೂಜೆಗೊಳ್ಳುವ ವೆನ್ ಝೋಂಗ್ ಎಂಬ ಮುದಿ ಸೇನಾನಿಯ ಬದುಕು ನನ್ನನ್ನು ಬಹಳ ಕಾಡಿದೆ. ಮಿಂಗ್ ಅರಸರ ಕಾಲದ 'ಫೆಂಗ್‌ಶೆನ್ ಯಾನ್‌ಯಿ' ಎಂಬ ನೂರು ಅಧ್ಯಾಯಗಳ ಕಾದಂಬರಿ ಅವನ ಕಥೆ ಹೇಳುತ್ತದೆ. ಷಾಂಗ್ ರಾಜವಂಶದ ಕೊನೆಯ ದೊರೆ ಝೌ ಇತಿಹಾಸದಲ್ಲಿದ್ದವನು. ವೆನ್ ಝೋಂಗ್ ಕಥೆಗಾರನ ಸೃಷ್ಟಿ.

ಹಿಂದಿನ ದೊರೆ ಸಾಯುವಾಗ ಮಗನನ್ನು ಇವನ ಕೈಗೊಪ್ಪಿಸಿದ್ದ. ಆ ಮಾತಿಗೆ ಕಟ್ಟುಬಿದ್ದವನು ಇವನು. ಹಣೆಯಲ್ಲಿ ಮೂರನೆಯ ಕಣ್ಣು. ಸಿಟ್ಟು ಬಂದರೆ ಅದರಿಂದ ಬಿಳಿ ಬೆಳಕು ಹೊಮ್ಮುತ್ತಿತ್ತು.

ಉತ್ತರ ಸಮುದ್ರದ ದಂಡಯಾತ್ರೆಯಲ್ಲಿ 15 ವರ್ಷ ಕಳೆದು ಬಂದಾಗ ಅರಮನೆಯಲ್ಲಿ ಕಂಚಿನ ಕಂಬಗಳು ಕಂಡವು. ಇವೇನೆಂದು ಕೇಳಿದ. ಒಳಗೆ ಕೆಂಡ ತುಂಬಿ, ಎದುರು ಮಾತಾಡಿದವರನ್ನು ಕಟ್ಟಿ ಸುಡುವ ಕಂಬಗಳು. ವೆನ್ ಝೋಂಗ್ ಸುಮ್ಮನಿರಲಿಲ್ಲ. ಹತ್ತು ಅಂಶಗಳ ಮನವಿ ಬರೆದು ದೊರೆಯ ಮುಂದಿಟ್ಟ: ಕಂಬಗಳನ್ನು ತೆಗೆಸಬೇಕು, ಕಣಜ ತೆರೆದು ಹಸಿದವರಿಗೆ ಕಾಳು ಕೊಡಬೇಕು, ಜನರಿಗೆ ಮಾತಾಡಲು ಬಿಡಬೇಕು. ದೊರೆ ಏಳನ್ನು ಒಪ್ಪಿದ. ವಿಲಾಸದ ಜಿಂಕೆ ಮಹಲನ್ನು ಕೆಡವುವುದು, ರಾಣಿ ದಾಜಿಯನ್ನು ಕೆಳಗಿಳಿಸುವುದು, ಚಾಡಿಕೋರ ಮಂತ್ರಿಗಳಿಬ್ಬರ ಶಿಕ್ಷೆ, ಈ ಮೂರನ್ನು ಮುಂದಕ್ಕೆ ಹಾಕಿದ. ರೋಗದ ಬೇರೇ ಆ ಮೂರರಲ್ಲಿತ್ತು. 1951ರಲ್ಲಿ ಹಿಂದೂ ಕೋಡ್ ಬಿಲ್ಲನ್ನು ಹೀಗೆಯೇ ತಳ್ಳಿಹಾಕಿದಾಗ ಬಾಬಾಸಾಹೇಬರು ಮಂತ್ರಿ ಪದವಿಯನ್ನೇ ಬಿಟ್ಟು ಹೊರನಡೆದರು. ಇವನು ಇನ್ನೊಂದು ಯುದ್ಧಕ್ಕೆ ಹೊರಟ.

ಅವನಿಲ್ಲದಾಗ ಅನಾಹುತವಾಯಿತು. ಏಳು ತಲೆಮಾರು ಸೇವೆ ಮಾಡಿದ ಮನೆಯ ಸೇನಾಪತಿ ಹುವಾಂಗ್ ಫೇಹು. ಅವನ ಹೆಂಡತಿಯ ಮೇಲೆ ದೊರೆಯ ಕಣ್ಣು ಬಿತ್ತು. ಆಕೆ ಮಾನಕ್ಕಾಗಿ ಮಹಡಿಯಿಂದ ಹಾರಿ ಸತ್ತಳು. ಪ್ರಶ್ನಿಸಿದ ತಂಗಿಯನ್ನು ದೊರೆಯೇ ಕೆಳಗೆಸೆದ. ಹುವಾಂಗ್ ದಂಗೆಯೆದ್ದು, ಪಶ್ಚಿಮದ ಶೀಚಿ ರಾಜ್ಯಕ್ಕೆ ಹೊರಟ. ಹಿಂದಿರುಗಿದ ವೆನ್ ಝೋಂಗ್ ತಪ್ಪು ದೊರೆಯದೇ ಎಂದು ಸಭೆಯಲ್ಲೇ ಹೇಳಿದ. ಸರಿಯಾಗಿಯೇ ಹೇಳಿದ! ಆದರೆ ದೊರೆ ತಪ್ಪಿದರೂ ಸೇವಕ ತಿರುಗಿಬೀಳಬಾರದೆಂದು ಯಾರೋ ಅಂದದ್ದೇ ತಡ, ಕುದುರೆಯಂತೆ ಏರುವ ಕಪ್ಪು ಕಿಲಿನ್ ಮೃಗವನ್ನೇರಿ ನೊಂದವನ ಬೆನ್ನಟ್ಟಿದ. ನಾಯಕರು ಒಳ್ಳೆಯವರೇ, ಸುತ್ತ ಇರುವವರು ಸರಿಯಿಲ್ಲ ಎನ್ನುವವರು ನಮ್ಮ ಕೇರಿಗಳಲ್ಲೂ ಇದ್ದಾರಲ್ಲ, ಅವರ ನೆನಪಾಗುತ್ತದೆ.

ಆಮೇಲಿನದೆಲ್ಲ ಶೀಚಿಯ ಮೇಲಿನ ಯುದ್ಧ. ಅವನು ಕಳಿಸಿದ ನಾಲ್ವರು ಮೋ ಸಹೋದರರು ಆಟಾನಾಟಿಯ ಸುತ್ತದಲ್ಲಿ ನಾವು ಕೇಳುವ ಚತುರ್ಮಹಾರಾಜರೇ. ವಿಹಾರಗಳ ಕಾವಲುಗಾರರನ್ನು ಕಾದಂಬರಿಕಾರ ಎತ್ತಿ ಇಲ್ಲಿ ಸೇರಿಸಿಕೊಂಡಿದ್ದಾನೆ. ಅವರೂ ಸತ್ತರು. ಕೊನೆಗೆ ಜುಎಲೊಂಗ್ ಎಂಬ ಗುಡ್ಡದಲ್ಲಿ ಎಂಟು ಬೆಂಕಿ ಕಂಬಗಳು ಸುತ್ತ ಎದ್ದು ವೆನ್ ಝೋಂಗ್ ಸುಟ್ಟುಹೋದ. ಯಾವ ಕಂಬಗಳನ್ನು ತೆಗೆಸಿ ಎಂದು ಬೇಡಿದ್ದನೋ ಅಂಥವೇ ಕಂಬಗಳ ನಡುವೆ. ಸತ್ತ ಮೇಲೂ ಅವನ ಜೀವ ರಾಜಧಾನಿಗೆ ಹೋಗಿ, ದೊರೆಯ ಕನಸಿನಲ್ಲಿ ನಿಂತು ಬುದ್ಧಿ ಹೇಳಿತಂತೆ. ದೊರೆ ಬದಲಾಗಲಿಲ್ಲ.

ಯುದ್ಧ ಮುಗಿದ ಮೇಲೆ ಶೀಚಿಯ ಜಿಯಾಂಗ್ ಜಿಯಾ ಸತ್ತವರ ಪಟ್ಟಿ ಓದಿ 365 ದೇವ ಪದವಿಗಳನ್ನು ಹಂಚಿದ. ವೆನ್ ಝೋಂಗ್‌ಗೆ ಗುಡುಗಿನ ಇಲಾಖೆ, ಮಳೆ ಮೋಡಗಳನ್ನು ನಡೆಸುವ 24 ಮಂದಿ ಕೈಕೆಳಗೆ. ಅದೇ ಪಟ್ಟಿಯಲ್ಲಿ ಆ ಚಾಡಿಕೋರರಿಬ್ಬರೂ ಇದ್ದಾರೆ. ದೊರೆ ಝೌ ಕೂಡ ಇದ್ದಾನೆ. ಅವನಿಗೆ ಸಿಕ್ಕಿದ್ದು ಶುಭ ಸಂತೋಷದ ನಕ್ಷತ್ರದ ಪದವಿ.