ವಿಲಿಯಂ ಗಾಸೆಟ್: ‘ಸ್ಟೂಡೆಂಟ್’ ಎಂದೇ ಉಳಿದವರು

ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ರಾಮಾನುಜನ್ ಅಥವಾ ಆರ್ಯಭಟರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಗಣಿತದ ಮೇಷ್ಟ್ರಿಂದ ಎಲ್ಲರೂ ನಿರೀಕ್ಷಿಸುವುದು ಅದನ್ನೇ. ನಾನು ಆರಿಸಿಕೊಂಡದ್ದು ವಿಲಿಯಂ ಸೀಲಿ ಗಾಸೆಟ್ ಅವರನ್ನು. ನಮ್ಮ ಶಾಲೆಯಿಂದ ಹೊರಟು ಬಿ.ಎಸ್ಸಿ., ಕೃಷಿ, ವಾಣಿಜ್ಯ ಎಂದು ಮುಂದೆ ಓದಿದ ಹಲವರಿಗೆ ‘ಸ್ಟೂಡೆಂಟ್ಸ್ ಟಿ-ಪರೀಕ್ಷೆ’ ಎಂಬ ಪಾಠ ಎದುರಾಗಿರುತ್ತದೆ. ವಿದ್ಯಾರ್ಥಿಗಳಿಗೆಂದೇ ಸುಲಭ ಮಾಡಿಟ್ಟ ಪರೀಕ್ಷೆ ಅದು ಎಂದುಕೊಂಡವರೂ ಉಂಟು. ಹಾಗಲ್ಲ. ಸ್ಟೂಡೆಂಟ್ ಎಂಬುದು ಒಬ್ಬ ಮನುಷ್ಯರ ಗುಪ್ತನಾಮ. ಆ ಮನುಷ್ಯರೇ ಗಾಸೆಟ್.

ಅವರು ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ತಂದೆ ಸೈನ್ಯದ ಇಂಜಿನಿಯರಿಂಗ್ ವಿಭಾಗದಲ್ಲಿದ್ದರು. ಮಗನೂ ಅದೇ ದಾರಿ ಹಿಡಿಯಬೇಕಿತ್ತು. ಕಣ್ಣಿನ ದೋಷದಿಂದ ಅದು ತಪ್ಪಿಹೋಯಿತು. ವಿಂಚೆಸ್ಟರಿನಲ್ಲಿ ಶಾಲೆ, ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ. 1899ರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಶಾಲೆಯ ಸಂಚಿಕೆಯಲ್ಲಿ ಬಿಯರಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಾರದು. ಆ ಕಾರ್ಖಾನೆಯ ಕಚ್ಚಾವಸ್ತು ಬಾರ್ಲಿ; ಅಂದರೆ ಗಾಸೆಟರ ಮುಂದೆ ಬಂದ ಲೆಕ್ಕಗಳು ಬಹುಪಾಲು ರೈತರ ಲೆಕ್ಕಗಳೇ. ಯಾವ ತಳಿಯ ಬಾರ್ಲಿ ಹೆಚ್ಚು ಇಳುವರಿ ಕೊಡುತ್ತದೆ? ಯಾವ ಗೊಬ್ಬರ ಮೇಲು?

ಕಷ್ಟವಿದ್ದದ್ದು ಇಲ್ಲಿ. ಆ ಕಾಲದ ಸಂಖ್ಯಾಶಾಸ್ತ್ರವು ನೂರಾರು, ಸಾವಿರಾರು ಅಳತೆಗಳಿದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹೊಲದಲ್ಲಿ ಸಾವಿರ ಅಳತೆ ಎಲ್ಲಿಂದ ತರುವುದು? ನಾಲ್ಕು ತಾಕು ಬಿತ್ತಿದರೆ ನಾಲ್ಕೇ ಇಳುವರಿ, ವರ್ಷಕ್ಕೊಮ್ಮೆ.

ನಮ್ಮ ಕಡೆಯ ರಾಗಿಯನ್ನೇ ತೆಗೆದುಕೊಂಡು ನಾನು ಕಟ್ಟಿದ ಒಂದು ಲೆಕ್ಕ ಹೇಳುತ್ತೇನೆ. ಹೊಸ ತಳಿಯೊಂದನ್ನು ನಾಲ್ಕು ತಾಕಿನಲ್ಲಿ ಬೆಳೆದೆವು. ಎಕರೆಗೆ 13, 17, 17, 17 ಕ್ವಿಂಟಲ್ ಬಂತು. ಸರಾಸರಿ 16, ಮಾನಕ ವಿಚಲನೆ 2. ಅದನ್ನು ನಾಲ್ಕರ ವರ್ಗಮೂಲವಾದ 2ರಿಂದ ಭಾಗಿಸಿದರೆ, ಸರಾಸರಿಯ ಮಾನಕ ದೋಷ 1. ಹಳೆಯ ತಳಿಯ ಬಹುಕಾಲದ ಸರಾಸರಿ 13.5 ಎಂದಿಟ್ಟುಕೊಳ್ಳಿ. ಹೊಸದು ನಿಜವಾಗಿಯೂ ಮೇಲೋ, ಅಥವಾ ಅದೃಷ್ಟವೋ? ಹಳೆಯ ಲೆಕ್ಕದ ಪ್ರಕಾರ ಎರಡೂ ಕಡೆಗೆ 1.96 ಮಾನಕ ದೋಷ ಬಿಟ್ಟರೆ ಶೇಕಡ 95ರ ವಿಶ್ವಾಸಾಂತರ 14.04ರಿಂದ 17.96ರವರೆಗೆ ಸಿಗುತ್ತದೆ. 13.5 ಅದರ ಹೊರಗೆ ಬಿತ್ತು, ಆದ್ದರಿಂದ ಹೊಸ ತಳಿ ಗೆದ್ದಿತು ಎಂದು ಹೇಳಿ ಮನೆಗೆ ಹೋಗಬಹುದು.

ಗಾಸೆಟ್ ಅಲ್ಲೇ ತಡೆದು ನಿಲ್ಲಿಸಿದರು. ಆ ಮಾನಕ ವಿಚಲನೆ 2 ಎಂಬುದು ಬಂದದ್ದೂ ಅದೇ ನಾಲ್ಕು ತಾಕುಗಳಿಂದಲ್ಲವೇ? ಅದನ್ನೇ ಪೂರ್ತಿ ನಂಬುವಂತಿಲ್ಲ. ಅಳತೆಗೋಲೇ ಅಲುಗಾಡುತ್ತಿರುವಾಗ ಅಂತರವನ್ನು ಇನ್ನೂ ಅಗಲವಾಗಿ ಇಡಬೇಕು. ಎಷ್ಟು ಅಗಲ ಎಂದು ಲೆಕ್ಕ ಹಾಕಿಕೊಟ್ಟದ್ದೇ ಅವರ ಸಾಧನೆ. ನಾಲ್ಕು ಅಳತೆಗಳಿಗೆ 1.96ರ ಬದಲು 3.18 ಬಳಸಬೇಕು. ಆಗ ಅಂತರ 12.82ರಿಂದ 19.18. ಇದೇ ಕ್ರಮದಲ್ಲಿ ಮತ್ತೆ ಮತ್ತೆ ಬಿತ್ತಿ ಅಂತರ ಕಟ್ಟುತ್ತಾ ಹೋದರೆ ನೂರರಲ್ಲಿ ಸುಮಾರು 95 ಸಲ ನಿಜವಾದ ಸರಾಸರಿ ಅದರೊಳಗೆ ಸಿಕ್ಕುತ್ತದೆ. 13.5 ಈಗ ಒಳಗೇ ಉಳಿಯಿತು. ಹೊಸ ತಳಿ ಮೇಲೆಂದು ಈ ನಾಲ್ಕು ತಾಕುಗಳನ್ನು ನೋಡಿ ಹೇಳಲಾಗದು, ಕೀಳೆಂದೂ ಹೇಳಲಾಗದು. ಬೀಜಕ್ಕೆ ಸಾಲ ಮಾಡಲು ಹೊರಟ ರೈತನಿಗೆ ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಇದನ್ನು ಅವರು ಕಂಡುಕೊಂಡ ಬಗೆಯೂ ಸೊಗಸಾಗಿದೆ. 1906ರಲ್ಲಿ ಕಾರ್ಖಾನೆಯವರು ಅವರನ್ನು ಲಂಡನ್ನಿಗೆ, ಕಾರ್ಲ್ ಪಿಯರ್‌ಸನ್ ಅವರ ಬಳಿಗೆ ಕಲಿಯಲು ಕಳುಹಿಸಿದರು. ಅಲ್ಲಿ ಮೊದಲು ಯೀಸ್ಟ್ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವಾಗ ಆಗುವ ದೋಷದ ಬಗ್ಗೆ ಬರೆದರು. ಆಮೇಲೆ ಈ ಸಮಸ್ಯೆ. ಗಣಿತದಿಂದ ಸೂತ್ರ ಬಂತು, ಆದರೆ ಪೂರ್ತಿ ಸಾಧನೆ ಇರಲಿಲ್ಲ. ಹಾಗಾಗಿ ಪ್ರಯೋಗ ಮಾಡಿ ನೋಡಿದರು. 3000 ಕೈದಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದದ ಅಳತೆಗಳು ಅಚ್ಚಾಗಿ ಸಿಕ್ಕಿದ್ದವು. ಅವನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಗುಂಪಿಗೂ ಸರಾಸರಿ, ಮಾನಕ ವಿಚಲನೆ. ಸೂತ್ರ ಹೇಳಿದ್ದಕ್ಕೂ ರಟ್ಟಿನ ಚೂರುಗಳು ಹೇಳಿದ್ದಕ್ಕೂ ತಾಳೆಯಾಯಿತು. ಕಂಪ್ಯೂಟರ್ ಮುಂದೆ ಕೂರುವ ನಮ್ಮ ಮೊಮ್ಮಕ್ಕಳು ಇದನ್ನು ಕ್ಷಣದಲ್ಲಿ ಮಾಡಿಯಾರು. ಕೈಯಲ್ಲಿ ಮಾಡುವ ತಾಳ್ಮೆ ನನಗಂತೂ ಇಲ್ಲ.

1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಲೇಖನ ಬಂತು. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದಕ್ಕೆ ಕಾರ್ಖಾನೆಯ ಒಪ್ಪಿಗೆಯಿರಲಿಲ್ಲ. ಆದ್ದರಿಂದ ‘ಸ್ಟೂಡೆಂಟ್’ ಎಂದು ಸಹಿ. ಹಲವು ವರ್ಷ ಯಾರೂ ಅದನ್ನು ಹೆಚ್ಚು ಗಮನಿಸಲಿಲ್ಲ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ರೊನಾಲ್ಡ್ ಫಿಷರ್ ಎಂಬ ತರುಣ 1912ರಲ್ಲಿ ಪೂರ್ತಿ ಸಾಧನೆಯನ್ನು ಗಾಸೆಟರಿಗೆ ಕಳುಹಿಸಿದರು. ಮುಂದೆ ಈ ಪರೀಕ್ಷೆಯನ್ನು ಲೋಕಕ್ಕೆಲ್ಲ ಹರಡಿದವರೂ ಫಿಷರರೇ. (ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಪಿಎಚ್.ಡಿ. ಮಾಡಿದ್ದು ಇದೇ ಫಿಷರರ ಬಳಿ.) ಫಿಷರಿಗೂ ಪಿಯರ್‌ಸನ್‌ರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಗಾಸೆಟ್ ಇಬ್ಬರಿಗೂ ಸ್ನೇಹಿತರಾಗಿ ಉಳಿದರು. ಅದೂ ಒಂದು ಸಾಧನೆಯೇ ಎನ್ನಬೇಕು.

ಇನ್ನು ಶಿಕ್ಷಕರು ಓದಲೇಬೇಕಾದ ಭಾಗಕ್ಕೆ ಬರುತ್ತೇನೆ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಜಿಲ್ಲೆಯ 67 ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸುಮಾರು 20,000 ಮಕ್ಕಳು. 10,000 ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಮುಕ್ಕಾಲು ಪಿಂಟ್ ಹಾಲು, ಉಳಿದವರಿಗೆ ಇಲ್ಲ. ಮೊದಲೂ ಕೊನೆಗೂ ತೂಕ, ಎತ್ತರ ಅಳೆದರು. ಹಾಲಿನಿಂದ ಏನೂ ವ್ಯತ್ಯಾಸವಿಲ್ಲ ಎಂದು ಮೊದಲು ಇಟ್ಟುಕೊಳ್ಳುವುದು, ಹಾಗಿದ್ದೂ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವ ಸಂಭವನೀಯತೆ ಎಷ್ಟೆಂದು ಕೇಳುವುದು: ಇದು ಪರೀಕ್ಷೆಯ ಕ್ರಮ. ಆದರೆ ಆ ಲೆಕ್ಕ ನಡೆಯಬೇಕಾದರೆ ಮಕ್ಕಳನ್ನು ಎರಡು ಗುಂಪಿಗೆ ಹಾಕಿದ್ದು ಚೀಟಿ ಎತ್ತಿದಷ್ಟೇ ನಿಷ್ಪಕ್ಷಪಾತವಾಗಿರಬೇಕು.

ಶುರುವಿನಲ್ಲಿ ಚೀಟಿಯೋ ಅಕಾರಾದಿಯೋ ಇತ್ತು. ಆದರೆ ಗುಂಪು ಸರಿಸಮವಾಗಿಲ್ಲ ಎನಿಸಿದರೆ ಕೆಲವು ಮಕ್ಕಳನ್ನು ಬದಲಿಸಲು ಶಿಕ್ಷಕರಿಗೆ ಅವಕಾಶ ಕೊಟ್ಟಿದ್ದರು. ಏನಾಯಿತೆಂದು ನಮ್ಮ ಯಾವ ಮೇಷ್ಟ್ರೂ ಊಹಿಸಬಹುದು. 1931ರಲ್ಲಿ ಗಾಸೆಟ್ ಅಂಕಿಗಳನ್ನು ಜಾಲಾಡಿದಾಗ, ಹಾಲು ಕುಡಿಯದ ಗುಂಪಿನ ಮಕ್ಕಳು ಪ್ರಯೋಗ ಶುರುವಾಗುವ ಮೊದಲೇ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದದ್ದು ಕಂಡಿತು. ಬಡಕಲು ಮಗುವನ್ನು ಕಂಡ ಶಿಕ್ಷಕರು ತಮಗರಿವಿಲ್ಲದೆಯೇ ಹಾಲಿನ ಗುಂಪಿಗೆ ಸೇರಿಸಿದ್ದಿರಬೇಕೆಂದು ಅವರು ತರ್ಕಿಸಿದರು. ಸಾಲದ್ದಕ್ಕೆ ತೂಕ ಮಾಡಿದ್ದು ಬಟ್ಟೆಯ ಸಮೇತ, ಫೆಬ್ರವರಿಯ ಚಳಿಯಲ್ಲೊಮ್ಮೆ, ಜೂನಿನ ಬೇಸಿಗೆಯಲ್ಲೊಮ್ಮೆ. ಉಳ್ಳವರ ಮಕ್ಕಳು ದಪ್ಪ ಉಣ್ಣೆ ಕಳಚಿ ತೂಕ ಕಳೆದುಕೊಂಡರು; ಬಡವರ ಮಕ್ಕಳಿಗೆ ಕಳಚಲು ಅಷ್ಟು ಬಟ್ಟೆಯೇ ಇರಲಿಲ್ಲ. ಲೆಕ್ಕದಲ್ಲಿ ಅದೂ ಹಾಲಿನ ಖಾತೆಗೆ ಜಮಾ ಆಯಿತು.

ನಮ್ಮಲ್ಲಿ 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಲೋಟ ಹಿಡಿದು ಸಾಲಾಗಿ ನಿಂತ ಮಕ್ಕಳನ್ನು ಕಂಡವನು ನಾನು. ಸ್ಕಾಟ್ಲೆಂಡಿನ ಆ ಶಿಕ್ಷಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಗಾಸೆಟರೂ ದೂರಲಿಲ್ಲ. ಹಾಲು ವ್ಯರ್ಥವೆಂದೂ ಅವರು ಹೇಳಲಿಲ್ಲ. ಎಷ್ಟು ಪ್ರಯೋಜನ ಎಂಬ ಪ್ರಶ್ನೆಗೆ ಇಪ್ಪತ್ತು ಸಾವಿರ ಮಕ್ಕಳನ್ನು ಅಳೆದೂ ಉತ್ತರ ಕೈಜಾರಿತಲ್ಲ ಎಂಬುದು ಅವರ ಕೊರಗು. ಬದಲಿಗೆ ಒಂದು ಸಲಹೆ ಕೊಟ್ಟರು: 50 ಜೋಡಿ ತದ್ರೂಪಿ ಅವಳಿಗಳನ್ನು ಹುಡುಕಿ, ಪ್ರತಿ ಜೋಡಿಯಲ್ಲಿ ಯಾರಿಗೆ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರೆ, ಖರ್ಚಿನ ತೀರ ಚಿಕ್ಕ ಪಾಲಿನಲ್ಲಿ ಇದಕ್ಕಿಂತ ಗಟ್ಟಿ ಉತ್ತರ ಸಿಗುತ್ತದೆ.

ಅವರು ಜೀವನಪೂರ್ತಿ ಕಾರ್ಖಾನೆಯ ನೌಕರರಾಗಿಯೇ ಇದ್ದರು. ಸೇಬು, ಪೇರು ಹಣ್ಣಿನ ತೋಟ, ಮರಗೆಲಸ, ದೋಣಿ ಕಟ್ಟುವುದು, ಮೀನು ಹಿಡಿಯುವುದು ಹವ್ಯಾಸಗಳು. 1934ರಲ್ಲಿ ಕಾರು ಅಪಘಾತದಲ್ಲಿ ಕಾಲು ಮುರಿದಾಗ, ಮಲಗಿದ್ದ ತಿಂಗಳುಗಳನ್ನು ಸಂಖ್ಯಾಶಾಸ್ತ್ರಕ್ಕೆ ಕೊಟ್ಟರು. 1935ರಲ್ಲಿ ಲಂಡನ್ನಿನ ಹೊಸ ಕಾರ್ಖಾನೆಗೆ ವರ್ಗವಾಗಿ, 1937ರಲ್ಲಿ ಮುಖ್ಯ ಹುದ್ದೆಗೇರಿ, ಅದೇ ವರ್ಷ ಅಕ್ಟೋಬರ್ 16ರಂದು 61ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಲೇಖನಗಳೆಲ್ಲ ಒಟ್ಟಾಗಿ ಪುಸ್ತಕವಾಗಿ ಬಂದದ್ದು 1942ರಲ್ಲಿ. ಅದರ ಹೆಸರಿನಲ್ಲೂ ಇರುವುದು ಸ್ಟೂಡೆಂಟ್ ಎಂದೇ.