ಮುದ್ದಣ ಕವಿಯ ಜೀವಿತವೂ ಕ್ಷಯರೋಗವೂ

ಕನ್ನಡ ಓದಬಲ್ಲವರೆಲ್ಲರೂ ಮುದ್ದಣನೆಂಬ ಹೆಸರನ್ನು ಕೇಳಿರುವರು. ಇವರ ನಿಜವಾದ ಹೆಸರು ಲಕ್ಷ್ಮೀನಾರಾಯಣಪ್ಪ. 1870ನೆಯ ಇಸವಿಯಲ್ಲಿ ಕಾರ್ಕಳದ ಬಳಿಯ ನಂದಳಿಕೆ ಗ್ರಾಮದಲ್ಲಿ ಹುಟ್ಟಿದರು. ಬಡತನದ ದೆಸೆಯಿಂದ ಶಾಲೆಯ ಓದು ಹೆಚ್ಚು ಸಾಗಲಿಲ್ಲ. ಆದಕಾರಣ ವ್ಯಾಯಾಮವಿದ್ಯೆಯನ್ನು ಕಲಿತು, ಉಡುಪಿಯಲ್ಲಿ ಹುಡುಗರಿಗೆ ಅದನ್ನು ಕಲಿಸುವ ಉಪಾಧ್ಯಾಯರಾದರು.

ಹಗಲು ಮಕ್ಕಳ ಮೈಯನ್ನು ಬಲಪಡಿಸುತ್ತಿದ್ದ ಇವರು ಬಿಡುವಿನಲ್ಲಿ ಹಳೆಗನ್ನಡವನ್ನು ತಾವಾಗಿ ಅಭ್ಯಾಸಮಾಡಿ, ಶ್ರೀರಾಮಾಶ್ವಮೇಧವೇ ಮೊದಲಾದ ಗ್ರಂಥಗಳನ್ನು ರಚಿಸಿದರು. ಆದರೆ ತಮ್ಮ ಹೆಸರನ್ನು ಮರೆಮಾಡಿ, ಅವು ಪೂರ್ವಕಾಲದವರ ಕೃತಿಗಳೆಂಬಂತೆ ಮೈಸೂರಿನ ಮಾಸಪತ್ರಿಕೆಗೆ ಕಳುಹಿಸಿದರು. ಬರೆದವರು ಇವರೇ ಎಂಬದು ಇವರು ತೀರಿಹೋದ ಮೇಲೆಯೇ ಲೋಕಕ್ಕೆ ತಿಳಿಯಿತು.

ಅಂಗಸಾಧನೆಯ ಗುರುವಾದ ಇವರನ್ನು ಕ್ಷಯರೋಗವು ಹಿಡಿಯಿತು. ರೋಗದ ಕ್ರಿಮಿಯನ್ನು ರಾಬರ್ಟ್ ಕಾಖ್ ಎಂಬ ವೈದ್ಯರು 1882ರಲ್ಲಿಯೇ ತೋರಿಸಿಕೊಟ್ಟಿದ್ದರೂ, ಅದನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ದೊರೆತದ್ದು 1943ರಲ್ಲಿ. ಮುದ್ದಣನವರು 1901ರಲ್ಲಿ, 31ನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಎಳೆಯ ಮಗನನ್ನೂ ಬಿಟ್ಟು ತೀರಿಹೋದರು.

ಇದು ಎದೆಯ ರೋಗ ಮಾತ್ರವೆಂದು ಅನೇಕರ ಎಣಿಕೆ. ಹಾಗಲ್ಲ. ಕ್ರಿಮಿಯು ರಕ್ತದೊಡನೆ ಹೋಗಿ ಮಿದುಳಿನ ಪೊರೆಯನ್ನು ಸೇರಬಲ್ಲದು. ವಿರಳವಾಗಿ, ರೋಗದ ತಾಪದಿಂದ ರಕ್ತವು ಹೆಪ್ಪುಗಟ್ಟುವ ಗುಣವು ಹೆಚ್ಚಿ, ಮಿದುಳಿನಿಂದ ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳಗಳು ಮುಚ್ಚಿಹೋಗುವದೂ ಉಂಟು. ತೂಬು ಕಟ್ಟಿದ ಕೆರೆಯಲ್ಲಿ ನೀರು ತುಂಬಿ ಏರಿಯನ್ನು ಒತ್ತುವಂತೆ, ಹೊರಗೆ ಹರಿಯಲಾರದ ರಕ್ತವು ಮಿದುಳನ್ನು ಒತ್ತುವದು. ಆಗ ಬಿಡದ ತಲೆನೋವು, ವಾಂತಿ, ಕಣ್ಣು ಮಂಕಾಗುವದು, ಸೆಳವು, ಒಂದು ಪಕ್ಕದ ಕೈಕಾಲು ಬಲಗುಂದುವದು, ಮಾತು ತಪ್ಪುವದು ಕಾಣುವವು.

ಮೇಲೂರು, ಶಿಡ್ಲಘಟ್ಟ ಸೀಮೆಯ ಪ್ರಿಯ ಸಭೆಯವರೇ, ಇಂಥವರನ್ನು ಕಂಡು ದೆವ್ವ ಹಿಡಿಯಿತೆಂದು ಮಂತ್ರವಾದಿಯನ್ನು ಕರೆಯಬೇಡಿರಿ. ಆ ದಿನವೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಎರಡು ವಾರಕ್ಕೆ ಮೀರಿದ ಕೆಮ್ಮಿದ್ದರೆ ಕಫವನ್ನು ಪರೀಕ್ಷೆಮಾಡಿಸಿರಿ. ಕ್ಷಯದ ಔಷಧವು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವದು. ಎದೆಯ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು, ಮಿದುಳಿನದಕ್ಕೆ ಅದಕ್ಕಿಂತ ಹೆಚ್ಚು ಕಾಲ ತಪ್ಪದೆ ಸೇವಿಸಬೇಕು. ಹೆಪ್ಪುಗಟ್ಟಿದ ರಕ್ತಕ್ಕೂ ವೈದ್ಯರಲ್ಲಿ ಔಷಧವುಂಟು.

ಮುದ್ದಣನವರು ಹೆಸರನ್ನು ಬಚ್ಚಿಟ್ಟದ್ದರಿಂದ ಯಾರಿಗೂ ಕೇಡಾಗಲಿಲ್ಲ. ರೋಗವನ್ನು ಬಚ್ಚಿಟ್ಟರೆ ಮನೆಯವರೆಲ್ಲರಿಗೂ ಕೇಡು. ಕುಷ್ಠರೋಗಿಯನ್ನು ಮುಟ್ಟಿದ ಕರ್ತನ ಶಿಷ್ಯರಾದ ನಾವು ಕ್ಷಯರೋಗಿಯ ಬಾಗಲನ್ನು ದಾಟಿಹೋಗದೆ, ಒಳಹೊಕ್ಕು ಕೈಹಿಡಿದು ನಡಿಸೋಣ.